ಮೂರು ರೆಕಾರ್ಡು, ಹತ್ತರ ಪಟ್ಟಿ

ಹತ್ತು ಜಾಝ್ ರೆಕಾರ್ಡುಗಳನ್ನು ಕೇಳದೆ ಯಾರೂ ಸಾಯಬಾರದು ಎಂದು ನಾನು ಟೈಪ್ ಮಾಡಿದ ವರ್ಷ, ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಾ ಸೇರಿ ನಮಗೆ ಗೊತ್ತಿದ್ದ ಜಾಝ್ ರೆಕಾರ್ಡುಗಳು ಮೂರೇ ಮೂರು. ಅದರಲ್ಲೂ ಒಂದು ಕೆಲವು ತಿಂಗಳು ನೀರಿನ ಕೊಡದ ಮೇಲೆ ಮುಚ್ಚಳವಾಗಿ ಕೆಲಸ ಮಾಡಿತ್ತು. ಉಳಿದ ಏಳನ್ನು ಎಲ್ಲಿಂದ ತಂದೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಸ್ವಲ್ಪ ತಾಳಿ.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಇಪ್ಪತ್ತೆರಡು. ಊರು ಶಿರಹಟ್ಟಿ, ಹೊಟ್ಟೆಪಾಡು ಗದಗಿನ ಒಂದು ಟೈಪಿಂಗ್ ಕ್ಲಾಸಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಹುಡುಗ ಹುಡುಗಿಯರ ಬೆರಳು ತಿದ್ದುವುದು. ನಡುವೆ ಯಾರೂ ಇಲ್ಲದ ಹೊತ್ತಿನಲ್ಲಿ ಕನ್ನಡ ಮಷೀನಿನ ಮುಂದೆ ಕೂತು ಜಗತ್ತನ್ನು ತಿದ್ದುವುದು. ಜಾಝ್ ನನಗೆ ಸಿಕ್ಕಿದ್ದು ರೇಡಿಯೊದ ಶಾರ್ಟ್‌ವೇವಿನಲ್ಲಿ, ಸೀಟಿ ಮತ್ತು ಗೊರಗೊರದ ನಡುವೆ. ಗುರು ಇರಲಿಲ್ಲ, ಪುಸ್ತಕ ಇರಲಿಲ್ಲ, ಇಂಗ್ಲಿಷ್ ಅರ್ಧಂಬರ್ಧ ಇತ್ತು. ಅಭಿಪ್ರಾಯ ಮಾತ್ರ ಪೂರ್ತಿ ಇತ್ತು.

ಬೆಟಗೇರಿಯಲ್ಲಿ ನೇಕಾರರ ಓಣಿಯ ಬಾಯಿಗೆ ಒಂದು ಮೈಕ್ ಸೆಟ್ಟಿನ ಅಂಗಡಿ ಇತ್ತು. ಮದುವೆ, ಗೃಹಪ್ರವೇಶ, ಚುನಾವಣೆ, ಎಲ್ಲದಕ್ಕೂ ಕಹಳೆಯಂಥ ಸ್ಪೀಕರು, ಆಂಪ್ಲಿಫೈಯರು, ರೆಕಾರ್ಡ್ ಪ್ಲೇಯರು ಬಾಡಿಗೆಗೆ ಕೊಡುತ್ತಿದ್ದ ಅಂಗಡಿ. ಮಾಲೀಕನನ್ನು ನಾವು ಅಣ್ಣ ಎನ್ನುತ್ತಿದ್ದೆವು, ಅವನ ಹೆಂಡತಿಯನ್ನು ವೈನಿ. ಅಣ್ಣ ಒಮ್ಮೆ ಹುಬ್ಬಳ್ಳಿಯಲ್ಲಿ ಒಂದು ಚೀಲ ಹಳೆಯ ರೆಕಾರ್ಡುಗಳನ್ನು ಕಣ್ಣು ಮುಚ್ಚಿ ಕೊಂಡು ತಂದ. ಸಿನಿಮಾ ಹಾಡು ಇರುತ್ತವೆ ಎಂದು ತಂದದ್ದು. ಇದ್ದವು ಕೂಡ. ಆದರೆ ಅವುಗಳ ನಡುವೆ ಯಾರ ಮದುವೆಗೂ ಆಗದ ಮೂರು ಇದ್ದವು. ಅವೇ ನಮ್ಮ ಜಾಝ್.

ಅವುಗಳ ಹೆಸರು ಓದಲು ನಮಗೆ ನಾಲಿಗೆ ಹೊರಳುತ್ತಿರಲಿಲ್ಲ. ಹೀಗಾಗಿ ಕವರು ನೋಡಿ ಹೆಸರಿಟ್ಟೆವು. ಮುಚ್ಚಿದ ಬಾಗಿಲಿನ ಚಿತ್ರ ಇದ್ದದ್ದು ಬಾಗಿಲ ರೆಕಾರ್ಡು. ಟೊಪ್ಪಿಗೆ ಹಾಕಿಕೊಂಡವನು ಬೆನ್ನು ತೋರಿಸಿ ನಿಂತಿದ್ದದ್ದು ಟೊಪ್ಪಿಗೆ ರೆಕಾರ್ಡು. ಮೂರನೆಯದಕ್ಕೆ ಕವರೇ ಇರಲಿಲ್ಲ, ಅದೇ ಕೊಡದ ಮೇಲೆ ಕೂತಿದ್ದದ್ದು. ನಾನು ಅದನ್ನು ಅಲ್ಲಿಂದ ಎತ್ತಿ ದೊಡ್ಡ ಭಾಷಣ ಮಾಡಿದ ಮೇಲೆ ವೈನಿ ಹಳೆಯ ಸೀರೆಯ ಒಂದು ತುಂಡು ಹರಿದು ಅದಕ್ಕೊಂದು ಚೀಲ ಹೊಲಿದು ಕೊಟ್ಟಳು. ಅಂದಿನಿಂದ ಅದು ಸೀರೆ ರೆಕಾರ್ಡು. ನನ್ನ ಪಟ್ಟಿಯಲ್ಲಿ ನಂಬರ್ ಒಂದು.

ಮೈಕ್ ಸೆಟ್ಟಿನವರ ಒಂದು ಪದ್ಧತಿ ಇಲ್ಲಿ ಹೇಳಬೇಕು. ಮದುವೆ ಮನೆಗಳಲ್ಲಿ ರೆಕಾರ್ಡುಗಳು ಕಾಣೆಯಾಗುತ್ತವೆ, ಒಬ್ಬರದು ಇನ್ನೊಬ್ಬರ ಪೆಟ್ಟಿಗೆ ಸೇರುತ್ತವೆ. ಅದಕ್ಕೆ ಅಣ್ಣ ಪ್ರತಿ ರೆಕಾರ್ಡಿನ ನಡುವಿನ ಕಾಗದದ ಮೇಲೆ, ಎರಡೂ ಬದಿಗೆ, ಬಿಳಿ ಆಯಿಲ್ ಪೇಂಟ್ ಬಳಿದು ಅದರ ಮೇಲೆ ಕೆಂಪಿನಲ್ಲಿ ನಂಬರು ಬರೆಯುತ್ತಿದ್ದ. ಹಾಡಿನ ಹೆಸರು, ಹಾಡಿದವರ ಹೆಸರು, ಕಂಪನಿ, ಎಲ್ಲಾ ಬಣ್ಣದ ಕೆಳಗೆ. ಸೀರೆ ರೆಕಾರ್ಡಿಗೆ ಬಂದದ್ದು ಹದಿನೇಳು. ಇನ್ನೊಂದು ಪದ್ಧತಿ ವೇಗದ್ದು, ರೆಕಾರ್ಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು ಎಂಬುದು. ಅಣ್ಣ ಅದನ್ನು ಎಲ್ಲರಿಗೂ ಮಂತ್ರದ ಹಾಗೆ ಹೇಳುತ್ತಿದ್ದ: "ದೊಡ್ಡದಿದ್ರ ಮೂವತ್ಮೂರು, ಸಣ್ಣದಿದ್ರ ನಲವತ್ತೈದು. ಇಷ್ಟು ತಿಳಕೊಂಡಂವ ಎಲ್ಲಿ ಬೇಕಾದರ ಜೀವನ ಮಾಡತಾನ." ಸೀರೆ ರೆಕಾರ್ಡು ದೊಡ್ಡದು. ಹೀಗಾಗಿ ಮೂವತ್ಮೂರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮ ಮಾನ ಹೋದದ್ದು ಇದರಲ್ಲೇ.

ಆ ರೆಕಾರ್ಡಿನಲ್ಲಿ ಒಂದು ಊದುವ ವಾದ್ಯ. ಯಾವುದೆಂದು ತಿಳಿಯದು, ಆದರೆ ಭಾರಿ. ಬಾವಿಯ ತಳದಲ್ಲಿ ಯಾರೋ ಗಜರಾಜ ಕೂತು ಹಳೆಯ ದುಃಖ ನೆನೆಸಿಕೊಂಡ ಹಾಗೆ. ಒಂದೊಂದು ಸ್ವರವೂ ಎದ್ದು, ಮೈಮುರಿದು, ಹೊರಗೆ ಬಂದು, ಕೂತು, ಆಮೇಲೆ ಮುಂದಿನದಕ್ಕೆ ದಾರಿ ಬಿಡುತ್ತಿತ್ತು. ಮೊದಲ ಬದಿಯ ಕೊನೆಗೆ ಒಬ್ಬ ಮನುಷ್ಯ ನಗುತ್ತಿದ್ದ, "ಹೊ... ಹೊ... ಹೊ..." ಎಂದು, ಪಾತಾಳದಿಂದ. ಅಣ್ಣ ಅದನ್ನು ಒಮ್ಮೆ ಕುರ್ತಕೋಟಿಯ ಮದುವೆಯೊಂದರಲ್ಲಿ ತಪ್ಪಿ ಹಚ್ಚಿಬಿಟ್ಟಿದ್ದ. ಎರಡು ನಿಮಿಷದಲ್ಲಿ ಮದುಮಗಳ ಸೋದರಮಾವ ಚಪ್ಪರದಿಂದ ಓಡಿ ಬಂದು, "ಯಾರರ ಸತ್ತಾರೇನಲೇ? ಯಾರ ಸತ್ತಾರ ಹೇಳು!" ಎಂದು ಅಂಗಿ ಹಿಡಿದಿದ್ದನಂತೆ.

ಅದನ್ನು ಕೇಳಿ ನಾವು ನಕ್ಕೆವು. ಹಳ್ಳಿಯ ಮಂದಿಗೆ ಏನು ತಿಳಿಯುತ್ತದೆ? ನಾವು ಗದಗಿನವರು. ಇಲ್ಲಿ ಚಹಾದಂಗಡಿಯಲ್ಲಿ ಕಪ್ಪು ಬಶಿ ತೊಳೆಯುವವನಿಗೂ ವಿಲಂಬಿತ ಎಂದರೆ ಗೊತ್ತು. ನಿಧಾನವಾಗಿದ್ದರೆ ದೊಡ್ಡದು, ಇನ್ನೂ ನಿಧಾನವಾಗಿದ್ದರೆ ಇನ್ನೂ ದೊಡ್ಡದು. ಬೇಗ ಮುಗಿಯುವುದೆಲ್ಲ ಚಿಲ್ಲರೆ. ಸೀರೆ ರೆಕಾರ್ಡು ಯಾವ ಅವಸರವೂ ಇಲ್ಲದ ರೆಕಾರ್ಡು. ಅಮೆರಿಕಾದವರಿಗೂ ಕೊನೆಗೆ ಬುದ್ಧಿ ಬಂದಿದೆ ಎಂದು ನಾನು ತೀರ್ಮಾನ ಕೊಟ್ಟೆ.

ತಿಂಗಳ ಎರಡನೇ ಭಾನುವಾರ ನಾವು ನಾಲ್ಕು ಮಂದಿ ಅಂಗಡಿಯಲ್ಲಿ ಸೇರುತ್ತಿದ್ದೆವು. ನಾನು, ಅಣ್ಣ, ಮುಂಡರಗಿಯಿಂದ ಬರುವ ಒಬ್ಬ ಇಂಗ್ಲಿಷ್ ಮಾಸ್ತರು, ಲಕ್ಷ್ಮೇಶ್ವರದಿಂದ ಬರುವ ಚಾಚಾ. ಮಾಸ್ತರರ ಹತ್ತಿರ ಜಾಝಿನ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಇತ್ತು, ಇಟ್ಟಿಗೆಯಷ್ಟು ಭಾರ. ಒಂದೂ ರೆಕಾರ್ಡು ಇರಲಿಲ್ಲ. ಅವರಿಗೆ ಸಾವಿರ ರೆಕಾರ್ಡುಗಳ ಬಗ್ಗೆ ಗೊತ್ತಿತ್ತು, ಕೇಳಿದ್ದು ನಮ್ಮ ಮೂರೇ. ರೆಕಾರ್ಡು ತಿರುಗುವಾಗ ಅವರು ಕಣ್ಣು ಮುಚ್ಚುತ್ತಿರಲಿಲ್ಲ, ಪುಸ್ತಕ ತೆರೆಯುತ್ತಿದ್ದರು. ಅಡುಗೆ ಪುಸ್ತಕ ಓದಿ ಹೊಟ್ಟೆ ತುಂಬಿಸಿಕೊಂಡವರು ಎಂದು ನಾನು ಅವರ ಹಿಂದೆ ಆಡಿಕೊಳ್ಳುತ್ತಿದ್ದೆ. ನನ್ನ ಹಿಂದೆ ಅವರು ಏನು ಆಡಿಕೊಳ್ಳುತ್ತಿದ್ದರೋ, ಅದನ್ನು ಅಣ್ಣ ನನಗೆ ಹೇಳಲಿಲ್ಲ. ಒಳ್ಳೆಯ ಮನುಷ್ಯ.

ನಮ್ಮಲ್ಲಿ ನಿಜವಾಗಿ ಏನಾದರೂ ನುಡಿಸಲು ಬರುತ್ತಿದ್ದವನು ಚಾಚಾ ಒಬ್ಬನೇ. ಲಕ್ಷ್ಮೇಶ್ವರದಲ್ಲಿ ಅವನದೊಂದು ಬ್ಯಾಂಡ್ ಕಂಪನಿ. ತಾಶೆ, ಡ್ರಮ್ಮು, ಎರಡು ತುತ್ತೂರಿ, ಮುಂದೆ ಕೆಂಪು ಕೋಟು ಹಾಕಿಕೊಂಡು ಕ್ಲಾರಿನೆಟ್ ಊದುತ್ತ ಚಾಚಾ. ವಯಸ್ಸು ನಲವತ್ತರ ಮೇಲೆ. ಯಾವ ಹಾಡನ್ನೂ ಎರಡು ಸಲ ಕೇಳಿದರೆ ಮೂರನೇ ಸಲ ಅವನ ಕ್ಲಾರಿನೆಟ್ಟಿನಲ್ಲಿ ಬರುತ್ತಿತ್ತು. ಒಮ್ಮೆ ಸ್ಪೀಕರ್ ಬಾಡಿಗೆ ಕೇಳಲು ಬಂದವನು ಸೀರೆ ರೆಕಾರ್ಡು ಕೇಳಿ ಬಾಗಿಲಲ್ಲೇ ನಿಂತ. ಆ ದಿನ ಸ್ಪೀಕರು ಒಯ್ಯುವುದನ್ನೇ ಮರೆತು ಹೋದ.

ಆ ರೆಕಾರ್ಡಿನಲ್ಲಿ ಒಂದು ಉದ್ದನೆಯ ಪದ ಇತ್ತು, ಒಂದೇ ಉಸಿರಿನ ಸ್ವರಗಳ ಸಾಲು. ಊದುವವನು ಉಸಿರು ಎಳೆದುಕೊಂಡು ಹತ್ತುವುದಕ್ಕೆ ಶುರು ಮಾಡಿದರೆ, ಎಲ್ಲೂ ಬಿಡದೆ, ಏರಿ, ಇಳಿದು, ಮತ್ತೆ ಏರಿ ನಿಲ್ಲುವ ಹೊತ್ತಿಗೆ ನಾವು ಗಡಿಯಾರದ ಹಾಗೆ ಒಂದೇ ಹದಕ್ಕೆ ಇಪ್ಪತ್ತೆಂಟು ಎಣಿಸಿರುತ್ತಿದ್ದೆವು. ಮುಂದಿನ ತಿಂಗಳು ಚಾಚಾ ಕ್ಲಾರಿನೆಟ್ ತಂದ. ತನ್ನ ವಾದ್ಯದಲ್ಲಿ ಅಷ್ಟು ಕೆಳಗಿನ ಸ್ವರ ಇಲ್ಲ ಎಂದು ಮೇಲಿನಿಂದ ಹಿಡಿದುಕೊಂಡು ಅದೇ ಪದ ಊದಿದ. ನಾನು ಅದೇ ಹದಕ್ಕೆ ಬೆರಳು ಮಡಚುತ್ತ ಎಣಿಸಿದೆ. ಇಪ್ಪತ್ತೊಂದಕ್ಕೆ ಅವನ ಮುಖ ಕೆಂಪಾಗಿ, ಇಪ್ಪತ್ತೆರಡಕ್ಕೆ ಉಸಿರು ಹೋಯಿತು.

"ಆಗವಲ್ದು ತಮ್ಮಾ," ಎಂದು ಕೂತ. "ಇಂವ ಯಾಂವ ಮನಷ್ಯಾನೋ ಏನೋ."

ಮಾಸ್ತರು ಪುಸ್ತಕದಿಂದ ತಲೆ ಎತ್ತದೆ ಹೇಳಿದರು: "ಅಮೆರಿಕಾದಾಗ ಮಂದಿ ಆರಾರು ಫೂಟ ಇರತಾರ. ಎದಿನೂ ಹಂಗ ಇರತಾವ. ನೀವು ಜ್ವಾಳದ ರೊಟ್ಟಿ ತಿಂದು ಅವರ ಉಸಿರು ತರ್ತೀನಂದ್ರ ಹೆಂಗ್ರಿ?"

"ಜ್ವಾಳದ ರೊಟ್ಟಿ ತಿಂದು ನೀವು ಅವರ ಪುಸ್ತಕ ಹೊರತೀರಲ್ಲ," ಎಂದ ಚಾಚಾ. "ಅದೇನು ಕಡಿಮಿ ವಜ್ಜಿ ಐತೇನು?"

ಎಲ್ಲರೂ ನಕ್ಕರು. ಆದರೆ ಚಾಚಾ ಒಂದು ಮಾತು ಕೇಳಿದ. "ಇಂವ ಉಸಿರು ತಗೊಳ್ಳೂದು ಕೇಳ್ರಿ. ನಾವು ಕಳ್ಳರಂಗ ಚಟ್ಟನ ತಗೋತೀವಿ, ಮಂದಿಗೆ ಗೊತ್ತಾಗಬಾರದು. ಇಂವ ಎಮ್ಮಿ ನೀರು ಎಳದಂಗ ಎಳೀತಾನ. ಹಿಂಗ ಎಳಕೊಂತ ಕುಂತ್ರ ತಾಳ ಎಲ್ಲಿ ಉಳೀತೈತಿ?"

ನಾನು ಅವನಿಗೆ ದೊಡ್ಡವರ ಉಸಿರೂ ದೊಡ್ಡದಿರುತ್ತದೆ ಎಂದು ತಿಳಿಸಿ ಹೇಳಿದೆ. ಇಪ್ಪತ್ತೆರಡು ವರ್ಷದವನು, ಕೊಳಲಿಗೂ ಬಾಯಿ ಇಡದವನು, ಇಪ್ಪತ್ತು ವರ್ಷ ಊದಿದವನಿಗೆ ಉಸಿರಿನ ಬಗ್ಗೆ ಪಾಠ ಮಾಡಿದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಆಗ ಬಿಸಿಯಾಗಿದ್ದು ತಲೆ ಮಾತ್ರ.

ಆಮೇಲೆ ಬಂದದ್ದು ಪಟ್ಟಿ. ರಸಿಕರು ಎಂದ ಮೇಲೆ ಪಟ್ಟಿ ಬೇಡವೇ? ಒಂದು ಮಧ್ಯಾಹ್ನ ಟೈಪಿಂಗ್ ಕ್ಲಾಸಿನಲ್ಲಿ ಮೂರು ಕಾರ್ಬನ್ ಇಟ್ಟು ಕೂತೆ. ಮೂರು ರೆಕಾರ್ಡುಗಳ ಎರಡೆರಡು ಬದಿಗಳನ್ನು ಬೇರೆ ಬೇರೆ ಎಣಿಸಿದೆ, ಆರಾದವು. ರೇಡಿಯೊದಿಂದ ನಾನು ತುಂಬಿಕೊಂಡಿದ್ದ ಎರಡು ಕ್ಯಾಸೆಟ್ಟುಗಳು, ಒಂದರಲ್ಲಿ ನಮ್ಮವ್ವ "ಊಟಕ್ಕ ಬರ್ತೀಯೋ ಇಲ್ಲೋ" ಎಂದು ಕೂಗುವುದೂ ಸೇರಿದೆ, ಎಂಟಾದವು. ಮಾಸ್ತರರ ಪುಸ್ತಕದಲ್ಲಿ ಫೋಟೊ ನೋಡಿ ನನಗೆ ಇಷ್ಟವಾಗಿದ್ದ ಒಂದು ರೆಕಾರ್ಡು, ಒಂಬತ್ತು. ಹತ್ತನೆಯದರ ಮುಂದೆ "ಇನ್ನೂ ಬರಬೇಕಾಗಿದೆ" ಎಂದು ಹಾಕಿ ಕೆಳಗೆ ಗೆರೆ ಎಳೆದೆ. ಮೊದಲನೆಯ ವಿಮರ್ಶೆಯನ್ನು ಈಗಲೂ ಬಾಯಿಪಾಠ ಹೇಳಬಲ್ಲೆ, ಶಿಕ್ಷೆಯ ಹಾಗೆ ತಲೆಯಲ್ಲಿ ಉಳಿದಿದೆ:

"೧. ಸೀರೆ ರೆಕಾರ್ಡು, ಮೊದಲ ಬದಿ. ಇದನ್ನು ಕೇಳಿದವನು ಬೇರೆ ಕೇಳಬೇಕಾಗಿಲ್ಲ, ಕೇಳದವನು ಬೇರೆ ಏನು ಕೇಳಿಯೂ ಪ್ರಯೋಜನವಿಲ್ಲ. ವಿಲಂಬಿತದ ಪರಾಕಾಷ್ಠೆ. ಕೊನೆಯಲ್ಲಿ ಬರುವ ಗಂಡಸಿನ ನಗು ಜಗತ್ತಿನ ದುಃಖವನ್ನೆಲ್ಲ ಕಂಡುಂಡವನ ನಗು. ಸೂಚನೆ: ಇದರ ದೀರ್ಘ ಪದವನ್ನು ಒಂದೇ ಉಸಿರಿನಲ್ಲಿ ನುಡಿಸುವ ಶಕ್ತಿ ನಮ್ಮ ಭಾಗದ ವಾದಕರಿಗಿಲ್ಲ. ಪ್ರಯತ್ನ ಮಾಡಿ ನೋಡಲಾಗಿದೆ."

ಒಂದು ಪ್ರತಿ ಮುಂಡರಗಿಗೆ, ಒಂದು ಅಣ್ಣನಿಗೆ, ಒಂದು ಲಕ್ಷ್ಮೇಶ್ವರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚಾಚಾಗೆ. ನಾಲ್ಕನೆಯದು ನನಗೆ. ನಮ್ಮ ಭಾಗದಲ್ಲಿ ಆ ಪದವನ್ನು ಪ್ರಯತ್ನ ಮಾಡಿ ನೋಡಿದವರು ಎಷ್ಟು ಜನ? ಒಬ್ಬ. ಆ ಸೂಚನೆಯನ್ನು ಹೆಸರಿಲ್ಲದೆ ಬರೆದಿದ್ದೇನೆಂದು ನನ್ನ ಸಭ್ಯತೆಯನ್ನು ನಾನೇ ಮೆಚ್ಚಿಕೊಂಡೆ.

ಚಾಚಾ ಮುಂದಿನ ತಿಂಗಳ ಭಾನುವಾರ ಬಂದಾಗ ನಕ್ಕ. "ಚಲೋ ಬರದೀ ತಮ್ಮಾ. ಅಕ್ಷರ ಭಾಳ ಸಾಲ್ಹಿಡದ ಬಂದಾವ." ಅಷ್ಟೇ. ರೆಕಾರ್ಡನ್ನು ಒಂದು ಕ್ಯಾಸೆಟ್ಟಿಗೆ ತುಂಬಿಕೊಡು ಎಂದ. ಸ್ಪೀಕರ್ ಮುಂದೆ ಟೇಪ್ ರೆಕಾರ್ಡರ್ ಇಟ್ಟು ತುಂಬಿಕೊಟ್ಟೆ.

ಅದಾದ ಮೇಲೆ ಒಂದು ವರ್ಷ ಅವನು ಏನು ಮಾಡಿದ ಎಂಬುದು ನಮಗೆ ತುಂಡು ತುಂಡಾಗಿ ತಿಳಿಯಿತು. ಬೀಡಿ ಬಿಟ್ಟ. ಬೆಳಿಗ್ಗೆ ಊರ ಹೊರಗಿನ ಬಾವಿಗೆ ಹೋಗಿ ನೀರಿನಲ್ಲಿ ಮುಳುಗಿ ಉಸಿರು ಹಿಡಿಯುವುದು ಕಲಿತ. ಬಟ್ಟೆ ಒಗೆಯಲು ಬಂದ ಹೆಂಗಸರು ಒಮ್ಮೆ ಇವನು ಮುಳುಗಿ ಸತ್ತನೆಂದು ಊರು ಕೂಡಿಸಿದರಂತೆ. ಇಪ್ಪತ್ಮೂರಕ್ಕೆ ಬಂದ. ಇಪ್ಪತ್ನಾಲ್ಕಕ್ಕೆ ಬಂದ. ಪ್ರತಿ ತಿಂಗಳೂ ನಮ್ಮ ಮುಂದೆ ಊದುತ್ತಿದ್ದ, ನಾನು ನ್ಯಾಯಾಧೀಶನ ಹಾಗೆ ಬೆರಳು ಮಡಚುತ್ತಿದ್ದೆ. ಇಪ್ಪತ್ತೈದು. ಅಲ್ಲಿಗೆ ನಿಂತಿತು. ನಾಲ್ಕು ತಿಂಗಳು ಇಪ್ಪತ್ತೈದರಲ್ಲೇ ನಿಂತಿತು.

"ಇನ್ನೊಂದು ಮೂರು, ಚಾಚಾ," ಎನ್ನುತ್ತಿದ್ದೆ ನಾನು, ಬಸ್ಸಿಗೆ ಮೂರು ಸೀಟು ಹಿಡಿದುಕೊಡು ಎಂದ ಹಾಗೆ.

ಆಮೇಲೆ ಎರಡು ತಿಂಗಳು ಅವನು ಬರಲಿಲ್ಲ. ಮೂರನೆಯ ತಿಂಗಳು ಬಂದ. ಕೈಯಲ್ಲಿ ನಾನು ಕೊಟ್ಟ ಕ್ಯಾಸೆಟ್ಟು, ಬಗಲಲ್ಲಿ ಟವೆಲಿನಲ್ಲಿ ಸುತ್ತಿ ಹಗ್ಗ ಕಟ್ಟಿದ ಕ್ಲಾರಿನೆಟ್ಟು.

"ತಗೋ ತಮ್ಮಾ ನಿನ್ನ ಕ್ಯಾಸೆಟ್. ನಾ ಇನ್ನ ಊದೂದಿಲ್ಲ," ಎಂದ.

ಅಣ್ಣ ಬೆಸೆಯುತ್ತಿದ್ದ ವಯರು ಕೆಳಗಿಟ್ಟ. "ಏನಾತ್ರಿ ಚಾಚಾ? ಆರಾಮ ಇಲ್ಲೇನು?"

"ಆರಾಮ ಅದೀನಿ. ಕ್ಲಾರ್ನೆಟ್ ಡ್ರಮ್ ಹೊಡಿಯೋ ನನ್ನ ತಮ್ಮಗ ಕೊಡತೀನಿ. ಈ ಲಗ್ನದ ಹಂಗಾಮಿಗೆ ಅಂವ ಮುಂದ ನಿಂದರತಾನ. ನಾ ಹಿಂದ ಡ್ರಮ್ ಹೊರತೀನಿ." ಅವನು ಬಹಳ ಸಾದಾ ಮಾತಿನಲ್ಲಿ ಹೇಳಿದ. "ಗೊತ್ತಿಲ್ಲದಾಗ ನಡೀತಿತ್ತು. ಈಗ ಮಂದಿ ಮುಂದ ನಿಂತ್ರ ಮನಸಿನ್ಯಾಗ ಎಣಿಕಿ ಶುರು ಆಗತೈತಿ. ಎಣಿಕಿ ಶುರು ಆದ್ರ ಉಸಿರು ಹೋಗತೈತಿ. ಹೋದ ವಾರ ಲಗ್ನದಾಗ ನಡುವ ಎರಡು ಸಲ ನಿಂತೆ. ಉಸಿರಿಲ್ಲದಂವ ಕೆಂಪು ಕೋಟ ಹಾಕ್ಕೊಂಡು ಮುಂದ ನಿಂದರೂದು ಚಲೋ ಅಲ್ಲ. ಕಾಗದದಾಗೂ ಬರದದ್ದೈತಲ್ಲ."

ಕೊನೆಯ ಮಾತಿಗೆ ಅಂಗಡಿಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಾನು ಮಷೀನಿನಲ್ಲಿ ಕುಟ್ಟಿದ ಒಂದೂವರೆ ಸಾಲು ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋಗಿ ಒಬ್ಬ ಮನುಷ್ಯನ ಎದೆಯ ಮೇಲೆ ಒಂದು ವರ್ಷ ಕೂತಿತ್ತು. ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆದೆ. ಬಂದದ್ದು: "ಇಪ್ಪತ್ತೈದೂ ಭಾಳ ಆತು, ಚಾಚಾ." ಇಂಥ ಸಮಾಧಾನಕ್ಕಿಂತ ಬೈಗುಳ ಮೇಲು.

"ಒಮ್ಮಿ ಹಚ್ಚರಿ," ಎಂದ ಅವನು ಅಣ್ಣನಿಗೆ. "ಕೇಳಿ ಹೋಗತೀನಿ."

ಅಣ್ಣ ಸೀರೆಯ ಚೀಲದಿಂದ ರೆಕಾರ್ಡು ತೆಗೆದು ಹಚ್ಚಿದ. ಚಾಚಾ ಸ್ಪೀಕರಿಗೆ ಕಿವಿ ಹಚ್ಚಿ ಕೂತ. ದೀರ್ಘ ಪದ ಬಂತು, ಹೋಯಿತು. ಅವನು ತಲೆ ಎತ್ತಲಿಲ್ಲ.

"ಮತ್ತೊಮ್ಮಿ," ಎಂದ. ಮತ್ತೊಮ್ಮೆ ಹಚ್ಚಿದರು. "ನಾ ಹ್ವಾದ ವರ್ಷ ಹೇಳಿದ್ದ ಮಾತ ಐತಿ. ಪದ ಬಿಡ್ರಿ, ಉಸಿರು ಕೇಳ್ರಿ. ಇಷ್ಟ ನಿಧಾನ ಉಸಿರು ಎಳಿಯಾಕ ನನಗ ಆಗೂದಿಲ್ಲ. ಯಾರಿಗೂ ಆಗೂದಿಲ್ಲ. ಒಂದು ವರ್ಷ ಉಸಿರಿನ ಕೂಡನ ಬಾಳೆ ಮಾಡೀನಿ ನಾ. ಇಂವಂದು ಎದಿ ದೊಡ್ಡದಲ್ಲ. ಇಂವ ಸಾವಕಾಶ ನಡದಾನ. ಯಾರೋ ಕಾಲು ಹಿಡದಂಗ."

"ಪುಸ್ತಕದಾಗ ಹಂಗೇನೂ ಇಲ್ಲಲ್ರಿ," ಎಂದರು ಮಾಸ್ತರು.

"ಪುಸ್ತಕ ಉಸಿರಾಡತೈತೇನ್ರಿ ಸರ?" ಎಂದ ಚಾಚಾ. ಆಮೇಲೆ ತಿರುಗುತ್ತಿದ್ದ ರೆಕಾರ್ಡಿನ ನಡುವೆ ಬೆರಳು ತೋರಿಸಿದ. "ಆ ಬಣ್ಣದ ಕೆಳಗ ಏನು ಬರದೈತಿ?"

ಅಣ್ಣ ರೆಕಾರ್ಡು ಎತ್ತಿ ಎದೆಗೆ ಅಪ್ಪಿಕೊಂಡ. "ನಂಬರ ಹದಿನೇಳು ಐತ್ರಿ. ಬಣ್ಣ ತಗದ್ರ ಯಾರದು ಅಂತ ಹೆಂಗ ತಿಳಿಬೇಕು?"

ಒಳಗಿನಿಂದ ವೈನಿ ಬಂದಳು. ಅವಳು ಬಾಗಿಲ ಹಿಂದೆ ಎಲ್ಲಾ ಕೇಳಿದ್ದಳು. "ಇದನ್ನ ಯಾರ ಕದೀತಾರೀ? ಕೊಡದ ಮ್ಯಾಲ ಇಟ್ರೂ ಯಾರೂ ಒಯ್ಯಲಿಲ್ಲ," ಎಂದು ಗಂಡನ ಕೈಯಿಂದ ಕಿತ್ತುಕೊಂಡಳು. ಅರಿವೆಯ ತುದಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಗಡಿಗೆಯ ಮಸಿ ಉಜ್ಜುವ ಹಾಗೆ ಉಜ್ಜಿದಳು. ಮೊದಲು ಹದಿನೇಳು ಹೋಯಿತು. ಆಮೇಲೆ ಬಿಳಿ ಹೋಯಿತು. ಅದರ ಕೆಳಗೆ ನೀಲಿ ಕಾಗದ, ಅರ್ಧ ಅಳಿಸಿದ ಅಕ್ಷರ, ಮತ್ತು ಒಂದು ಅಂಚಿನಲ್ಲಿ, ಸಣ್ಣದಾಗಿ ಆದರೆ ಸ್ಪಷ್ಟವಾಗಿ, ನಲವತ್ತೈದು.

ಅಣ್ಣ ಹತ್ತಿರ ಬಂದು ನೋಡಿದ, ದೂರ ಹೋಗಿ ನೋಡಿದ.

"ದೊಡ್ಡದು," ಎಂದ, ಯಾರೋ ತನ್ನ ಮನೆ ದೇವರನ್ನು ಬೈದ ಹಾಗೆ. "ದೊಡ್ಡದಕ್ಕ ನಲವತ್ತೈದು ಇರತಾವೇನ್ರಿ ಎಲ್ಲರ?"

ಪ್ಲೇಯರಿನ ವೇಗದ ಗುಂಡಿ ಎರಡು ವರ್ಷದಿಂದ ನಮ್ಮ ಮೂಗಿನ ಕೆಳಗೇ ಇತ್ತು. ನನ್ನ ಕೈ ಎಷ್ಟೋ ಸಲ ಅದಕ್ಕೆ ತಾಗಿದೆ. ರೆಕಾರ್ಡು ಮತ್ತೆ ಹಚ್ಚಿ ಅದನ್ನು ತಿರುಗಿಸಿದ್ದು ಚಾಚಾ.

ಬಾವಿಯ ತಳದ ಗಜರಾಜ ಒಂದೇ ನೆಗೆತಕ್ಕೆ ಮೇಲೆ ಬಂದು ಓಣಿಯಲ್ಲಿ ಕುಣಿಯತೊಡಗಿತು. ದುಃಖ ಇಲ್ಲ, ವಿಲಂಬಿತ ಇಲ್ಲ, ಪರಾಕಾಷ್ಠೆ ಇಲ್ಲ. ಚುರುಕಾದ, ತುಂಟ, ಹೆಜ್ಜೆ ಹಾಕಿಸುವ ಒಂದು ವರಸೆ. ಎದುರಿನ ಮನೆಯಲ್ಲಿ ಕುಣಿ ಮಗ್ಗದ ಮುಂದೆ ಕೂತವನು ಲಾಳಿ ನಿಲ್ಲಿಸಿ ಇಣುಕಿದ. ಚಾಚಾ ಎರಡು ಕೈಯನ್ನೂ ಮೊಣಕಾಲ ಮೇಲೆ ಒತ್ತಿಕೊಂಡು, "ಯಾ ಅಲ್ಲಾ," ಎಂದ. "ಇದು ಕ್ಲಾರ್ನೆಟ್ ಐತಿ. ನನ್ನ ಕ್ಲಾರ್ನೆಟ್ಟ ಐತಿ ಇದು."

ಹೌದು. ಯಾವ ಭಾರಿ ವಾದ್ಯವೂ ಅಲ್ಲ. ಟವೆಲಿನಲ್ಲಿ ಕಟ್ಟಿ ಅವನ ಬಗಲಲ್ಲಿ ಇದ್ದದ್ದೇ.

ಬದಿಯ ಕೊನೆಗೆ ನಗು ಬಂತು. ಜಗತ್ತಿನ ದುಃಖವನ್ನೆಲ್ಲ ಕಂಡುಂಡ ಗಂಡಸು ಗಿಲಗಿಲ ನಕ್ಕ. ವೈನಿ ಸೆರಗು ಬಾಯಿಗೆ ಹಿಡಿದಳು.

"ಅಯ್ಯ, ಇದು ಹೆಣ್ಮಗಳು! ಯಾರೋ ಏನೋ ಚ್ಯಾಷ್ಟಿ ಮಾಡ್ಯಾರ, ನಗಾಕತ್ತಾಳ." ಆಮೇಲೆ ನನ್ನ ಕಡೆ ತಿರುಗಿ, "ಏನೋ ಬರದಿದ್ಯಲ್ಲಾ, ಏನದು? ಕಂಡುಂಡಂವ?"

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಅಷ್ಟರಲ್ಲಿ ಮಾಸ್ತರು ಪುಸ್ತಕದ ಹಾಳೆ ತಿರುವಿ ತಿರುವಿ ಒಂದು ಕಡೆ ಬೆರಳಿಟ್ಟರು. "ಕ್ಲಾರಿನೆಟ್ ಅಂತ ಇಲ್ಲೇ ಒಂದು ಪ್ರಕರಣನ ಐತಿ ನೋಡ್ರಿ. ನನಗ ಮೊದಲ ಸಂಶೆ ಇತ್ತು."

"ಇತ್ತಂದ್ರ ಎರಡು ವರ್ಷ ಎಲ್ಲಿ ಇಟ್ಟಿದ್ರಿ ಸರ, ಹುಂಡ್ಯಾಗ?" ಎಂದ ಅಣ್ಣ. ಅವನಿಗೂ ಯಾರ ಮೇಲಾದರೂ ಸಿಟ್ಟು ಇಳಿಸಬೇಕಿತ್ತು.

ಚಾಚಾ ಯಾರ ಮಾತನ್ನೂ ಕೇಳುತ್ತಿರಲಿಲ್ಲ. "ಮೊದಲಿಂದ ಹಚ್ಚರಿ. ತಮ್ಮಾ, ನೀ ಎಣಿಸು."

ದೀರ್ಘ ಪದ ಬಂತು. ಊದುವವನು ಚಟ್ಟನೆ, ಕಳ್ಳನ ಹಾಗೆ, ಉಸಿರು ತೆಗೆದುಕೊಂಡ. ಈಗ ಅದು ಕೇಳಿಸಿದ್ದೂ ಕಷ್ಟದಿಂದ. ನಾನು ಹಳೆಯ ಹದಕ್ಕೇ ಬೆರಳು ಮಡಚತೊಡಗಿದೆ. ಎರಡು ಕೈ ಮುಗಿದು ಎರಡನೇ ಸುತ್ತೂ ಮುಗಿದು ಒಂದು ಬೆರಳು ಮಡಚುವಾಗ ಪದ ನಿಂತಿತು.

"ಎಷ್ಟು?"

"ಇಪ್ಪತ್ತೊಂದು."

ಮೊದಲ ದಿನ, ಯಾವ ಬಾವಿಯಲ್ಲೂ ಮುಳುಗದೆ, ಬೀಡಿ ಸೇದಿಕೊಂಡೇ ಬಂದು ಅವನು ಪೂರ್ತಿ ಮುಟ್ಟಿದ್ದು ಇಪ್ಪತ್ತೊಂದನ್ನು. ಆ ದಿನವೇ ಅವನು ಆ ಅಮೆರಿಕಾದವನ ಪಕ್ಕಕ್ಕೆ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದ. ಆಮೇಲಿನ ಒಂದು ವರ್ಷ, ಅಮೆರಿಕಾದವನೂ ಹೋಗದ ಕಡೆ, ಒಬ್ಬನೇ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ. ಪ್ರತಿ ತಿಂಗಳೂ ನಾವು ಅವನಿಗೆ ಸಾಲದು ಎಂದಿದ್ದೆವು.

ಚಾಚಾ ನನ್ನ ಮಡಚಿದ ಬೆರಳನ್ನೇ ನೋಡಿದ. ನನಗೆ ಒಂದು ಕೆಟ್ಟ ಆಸೆ ಇತ್ತು: ಅವನು ನನಗೆ ಎರಡು ಏಟು ಹಾಕಿದರೆ ಹಗುರಾಗುತ್ತಿತ್ತು. ಅವನು ಹಾಕಲಿಲ್ಲ. ಹಗ್ಗದ ಗಂಟು ಬಿಚ್ಚಲು ಹೋದ. ಗಟ್ಟಿಯಾಗಿ ಕಟ್ಟಿದ್ದ, ಬಿಚ್ಚಲಿಲ್ಲ. ಹಲ್ಲು ಹಚ್ಚಿ ಬಿಚ್ಚಿದ. ಕ್ಲಾರಿನೆಟ್ ಜೋಡಿಸಿ, ಪೀಪಿ ನೆನೆಸಿ, ನಲವತ್ತೈದರ ವೇಗದಲ್ಲಿ ಆ ಪದವನ್ನು ಊದಿ ಮುಗಿಸಿದ, ಮುಗಿದ ಮೇಲೆ ಉಳಿದ ಉಸಿರಿನಲ್ಲಿ ಒಂದು ಮದುವೆ ಹಾಡಿನ ತುಣುಕನ್ನೂ ಸೇರಿಸಿದ. ಮುಖ ಕೆಂಪಾಗಲಿಲ್ಲ.

"ನನ್ನ ತಮ್ಮನ ಕೈಯಾಗ ಡ್ರಮ್ಮ ಚಲೋ ಕಾಣತೈತಿ," ಎಂದ, ಒರೆಸುತ್ತ. ಆಮೇಲೆ ನನಗೆ: "ಹೊಸ ಪಟ್ಟಿ ಬರಿ. ಕಾರ್ಬನ್ ಹಾಕ್ಕೋ. ಆ ಪರಾಕಾಷ್ಠೆ ಮತ್ತ ಬಂತಂದ್ರ ಕಂಡಕ್ಟರ್ ಕೈಯಾಗ ಏನು ಕಳಸತೀನಿ ನೋಡು."

ಬರೆದೆ. ಅದು ನನ್ನ ಜೀವನದ ಅತ್ಯಂತ ಸಣ್ಣ ಪಟ್ಟಿ. ಮೂರು ರೆಕಾರ್ಡು, ಮೂರು ಸಾಲು. ಸೀರೆ ರೆಕಾರ್ಡಿನ ಮುಂದೆ "ದೊಡ್ಡದು, ಆದರೆ ನಲವತ್ತೈದು" ಎಂದು ಹಾಕಿ, ಕೆಳಗೆ "ಹಿಂದಿನ ಸೂಚನೆ ಬರೆದವನಿಗೆ ಎಣಿಸಲು ಬರುತ್ತಿತ್ತು, ಕೇಳಲು ಬರುತ್ತಿರಲಿಲ್ಲ" ಎಂದು ಟೈಪ್ ಮಾಡಿದೆ. ಮಾಸ್ತರು ಅದರಲ್ಲೂ ಒಂದು ಅಕ್ಷರದ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದರು. ಒಂದು ವಿಷಯ ಮಾತ್ರ ನಾನು ಯಾರಿಗೂ ಬರೆಯಲಿಲ್ಲ: ನನಗೆ ಇವತ್ತಿಗೂ ಮೂವತ್ಮೂರರಲ್ಲೇ ಅದು ಇಷ್ಟ. ಚಾಚಾ ವಾಪಸು ಕೊಟ್ಟ ಕ್ಯಾಸೆಟ್ಟನ್ನು ಬಾಗಿಲು ಹಾಕಿಕೊಂಡು ಕೇಳುತ್ತಿದ್ದೆ.

ಆ ಹಂಗಾಮಿನಲ್ಲಿ ಲಕ್ಷ್ಮೇಶ್ವರದ ಒಂದು ಮದುವೆಗೆ ಹೋದೆ. ನಡು ಮಧ್ಯಾಹ್ನದ ಮೆರವಣಿಗೆ. ಮುಂದೆ ಕೆಂಪು ಕೋಟಿನ ಚಾಚಾ, ಹಿಂದೆ ಅವನ ತಮ್ಮ ಡ್ರಮ್ಮು ಹೊತ್ತುಕೊಂಡು. ಬಜಾರಿನ ತಿರುವಿನಲ್ಲಿ ಅವರು ಸೀರೆ ರೆಕಾರ್ಡಿನ ಧಾಟಿ ಎತ್ತಿಕೊಂಡರು, ಸರಿಯಾದ ವೇಗದಲ್ಲಿ. ಮದುಮಗನ ಗೆಳೆಯರು ಟವೆಲು ಬೀಸುತ್ತ ಕುಣಿಯುತ್ತಿದ್ದರು. ಅಷ್ಟರಲ್ಲಿ ಗುಂಪಿನಲ್ಲಿ ಚಾಚಾ ನನ್ನನ್ನು ಕಂಡ. ಒಂದು ಹುಬ್ಬು ಏರಿಸಿ, ತಮ್ಮನಿಗೆ ಕೈ ಸನ್ನೆ ಮಾಡಿ, ಚಟ್ಟನೆ ಉಸಿರು ಎಳೆದು, ದೀರ್ಘ ಪದವನ್ನು ನಮ್ಮ ಹಳೆಯ ವೇಗದಲ್ಲಿ ಹಿಡಿದ.

ಡ್ರಮ್ಮು ಸುಮ್ಮನಾಯಿತು. ಕುಣಿಯುವವರ ಒಂದು ಕಾಲು ಮೇಲೆ, ಒಂದು ಕೆಳಗೆ. ನನ್ನ ಬೆರಳು ತಾವಾಗಿಯೇ ಮಡಚತೊಡಗಿದವು. ಇಪ್ಪತ್ತು. ಇಪ್ಪತ್ತೊಂದು. ಇಪ್ಪತ್ತೈದು ಬಂತು, ದಾಟಿತು. ಇಪ್ಪತ್ತಾರಕ್ಕೆ ಹಿಂದಿನಿಂದ ಒಬ್ಬ ಹಿರಿಯ ಗಂಡಸಿನ ದನಿ ಮೆರವಣಿಗೆ ಸೀಳಿಕೊಂಡು ಬಂತು:

"ಏನಲೇ ಇದು? ಯಾರರ ಸತ್ತಾರೇನು?"

ಚಾಚಾ ನಿಲ್ಲಿಸಲಿಲ್ಲ. ಇಪ್ಪತ್ತೇಳು. ಇಪ್ಪತ್ತೆಂಟು. ನಾನು ಎಣಿಸುವುದು ಬಿಟ್ಟೆ. ಅವನು ಇನ್ನೂ ಊದುತ್ತಲೇ ಇದ್ದ.